ಅರ್ಥಶಾಸ್ತ್ರಜ್ಞ ಮಾರ್ಷಲ್

ಅರ್ಥಶಾಸ್ತ್ರವೆಂದೊಡನೆ ಹಣದ ಲೆಕ್ಕಾಚಾರವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಇಂದು ಈ ವಿಷಯದಲ್ಲಿ ಪದವಿ ಪಡೆಯಬಯಸುವ ವಿದ್ಯಾರ್ಥಿಯು ಗಣಿತದಲ್ಲಿಯೂ ಪಳಗಿರುವುದು ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಆ ಶಾಸ್ತ್ರದಲ್ಲಿ ಗಣಿತದ ಸ್ಥಾನವೇನು? ಮನುಷ್ಯನ ಸ್ಥಾನವೇನು? ಈ ಪ್ರಶ್ನೆಗಳಿಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್.

ಮಾರ್ಷಲ್ಲರು 1842ನೆಯ ಇಸವಿ ಜುಲೈ 26ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ವಿಲಿಯಂ ಮಾರ್ಷಲ್ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ನೌಕರರಾಗಿದ್ದರು. ಅವರದು ಬಹಳ ಕಟ್ಟುನಿಟ್ಟಿನ ಸ್ವಭಾವ. ಮಗನು ಪ್ರಾಚೀನ ಭಾಷೆಗಳನ್ನು ಕಲಿತು ಕ್ರೈಸ್ತ ಧರ್ಮಗುರುವಾಗಬೇಕೆಂಬುದು ಅವರ ಹಂಬಲ. ರಾತ್ರಿ ಬಹುಹೊತ್ತಿನವರೆಗೆ ಅವನನ್ನು ಕೂರಿಸಿ ಹೀಬ್ರೂ ಪಾಠ ಓದಿಸುತ್ತಿದ್ದರು. ಗಣಿತದ ಪುಸ್ತಕವನ್ನು ಕಂಡರೆ ಮಾತ್ರ ಅವರಿಗಾಗದು. ಬಾಲಕನ ಮನಸ್ಸು ಒಲಿದಿದ್ದುದು ಗಣಿತಕ್ಕೇ! ಅವನು ಯೂಕ್ಲಿಡ್‌ನ ರೇಖಾಗಣಿತವನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದನು. ದಾರಿಯಲ್ಲಿ ಒಂದು ಪ್ರಮೇಯವನ್ನು ಓದಿಕೊಂಡು, ನಡೆಯುತ್ತ ಅದನ್ನು ಮನಸ್ಸಿನಲ್ಲಿಯೇ ಬಿಡಿಸುತ್ತಿದ್ದನು.

ಶಾಲೆಯ ವಿದ್ಯಾಭ್ಯಾಸ ಮುಗಿದಾಗ ಆಕ್ಸ್‌ಫರ್ಡಿನಲ್ಲಿ ಓದಲು ವಿದ್ಯಾರ್ಥಿವೇತನ ದೊರೆಯಿತು. ಅದು ಧರ್ಮಗುರುವಿನ ವೃತ್ತಿಗೆ ಒಯ್ಯುವ ದಾರಿ. ತರುಣ ಮಾರ್ಷಲ್ಲರು ಅದನ್ನು ಬಿಟ್ಟುಕೊಟ್ಟರು. ಆಸ್ಟ್ರೇಲಿಯಾದಲ್ಲಿ ಹಣ ಗಳಿಸಿ ಬಂದಿದ್ದ ಚಾರ್ಲ್ಸ್ ಎಂಬ ಬಂಧುವು ನೀಡಿದ ಸಾಲದ ನೆರವಿನಿಂದ 1861ರಲ್ಲಿ ಕೇಂಬ್ರಿಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿ ಗಣಿತವನ್ನು ಅಭ್ಯಾಸಮಾಡಿದರು. 1865ರ ಗಣಿತ ಪರೀಕ್ಷೆಯಲ್ಲಿ ಅವರಿಗೆ ಎರಡನೆಯ ಸ್ಥಾನ ಲಭಿಸಿತು. ಮೊದಲನೆಯ ಸ್ಥಾನ ಪಡೆದವರು ಮುಂದೆ ಲಾರ್ಡ್ ರ‍್ಯಾಲೆ ಎಂದು ಪ್ರಸಿದ್ಧರಾಗಿ ನೊಬೆಲ್ ಪಾರಿತೋಷಕ ಗಳಿಸಿದ ವಿಜ್ಞಾನಿ. ಮಾರ್ಷಲ್ಲರು ಕೆಲಕಾಲ ಗಣಿತದ ಉಪಾಧ್ಯಾಯರಾಗಿ ದುಡಿದು ಬಂಧುವಿನ ಸಾಲವನ್ನು ತೀರಿಸಿದರು.

ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಬೇಕೆಂದಿದ್ದ ಅವರ ಮನಸ್ಸನ್ನು ಬೇರೊಂದು ಚಿಂತೆ ಆವರಿಸಿತು. ದುಡಿಯುವ ಜನರು ಏಕೆ ಬಡವರಾಗಿಯೇ ಉಳಿಯಬೇಕು? ಈ ಅಸಮತೆ ನ್ಯಾಯವೇ? ಅರ್ಥಶಾಸ್ತ್ರವನ್ನು ಅರಿಯದೆ ಇಂತಹ ಮಾತನಾಡಬಾರದೆಂದು ಮಿತ್ರನೊಬ್ಬನು ಎಚ್ಚರಿಸಿದನು. ಮಾರ್ಷಲ್ಲರು ಆ ಮಾತನ್ನು ಸವಾಲಾಗಿ ಸ್ವೀಕರಿಸಿದರು. ಜಾನ್ ಸ್ಟುವರ್ಟ್ ಮಿಲ್ ಅವರ ಗ್ರಂಥವನ್ನು ಓದುತ್ತ ಅಲ್ಲಿನ ವಾದಗಳನ್ನು ಸಮೀಕರಣಗಳಾಗಿ ಬರೆದು ಪರೀಕ್ಷಿಸಿದರು. ಅಷ್ಟಕ್ಕೇ ತೃಪ್ತರಾಗದೆ, ರಜಾದಿನಗಳಲ್ಲಿ ನಗರಗಳ ಕಡುಬಡವರ ಕೇರಿಗಳಿಗೆ ಹೋಗಿ, ಬೀದಿಬೀದಿ ಅಲೆದು, ಅಲ್ಲಿಯವರ ಮುಖಗಳನ್ನು ನೋಡಿದರು. ಒಮ್ಮೆ ಅಂಗಡಿಯೊಂದರಲ್ಲಿ ಬಾಡಿದ ಮುಖದ, ನಿರ್ಗತಿಕ ಮನುಷ್ಯನ ವರ್ಣಚಿತ್ರವನ್ನು ಕಂಡು, ಕೆಲವೇ ಷಿಲಿಂಗುಗಳಿಗೆ ಕೊಂಡುತಂದು ತಮ್ಮ ಕೊಠಡಿಯಲ್ಲಿ ತೂಗುಹಾಕಿದರು. ಇಂತಹವನ ಬಾಳನ್ನು ಹಸನುಗೊಳಿಸುವುದೇ ತಮ್ಮ ವಿದ್ಯೆಯ ಗುರಿಯೆಂದು ಅದು ಅವರಿಗೆ ನಿತ್ಯವೂ ನೆನಪಿಸುತ್ತಿತ್ತು.

1877ರಲ್ಲಿ ಅವರು ತಮ್ಮ ಶಿಷ್ಯೆಯಾಗಿದ್ದ ಮೇರಿ ಪೇಲಿಯವರನ್ನು ವಿವಾಹವಾದರು. ಅಂದಿನ ನಿಯಮದಂತೆ ವಿವಾಹಿತರು ಕಾಲೇಜಿನ ಫೆಲೊ ಆಗಿರುವಂತಿರಲಿಲ್ಲ. ಆದ್ದರಿಂದ ಆ ಸ್ಥಾನವನ್ನು ತ್ಯಜಿಸಿ ಬ್ರಿಸ್ಟಲಿನ ಕಾಲೇಜಿಗೆ ಪ್ರಾಂಶುಪಾಲರಾಗಿ ತೆರಳಿದರು. ಅನಂತರ ಆಕ್ಸ್‌ಫರ್ಡಿನಲ್ಲಿ, ಭಾರತದ ಸಿವಿಲ್ ಸರ್ವಿಸಿಗೆ ಸಿದ್ಧರಾಗುತ್ತಿದ್ದ ತರುಣರಿಗೆ ಪಾಠ ಹೇಳಿದರು. 1885ರಲ್ಲಿ ಪ್ರಾಧ್ಯಾಪಕರಾಗಿ ಕೇಂಬ್ರಿಜಿಗೆ ಮರಳಿದರು.

1890ರಲ್ಲಿ ಪ್ರಕಟವಾದ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’ ಅವರ ಮೇರುಕೃತಿ. ವಸ್ತುವಿನ ಬೆಲೆಯನ್ನು ನಿರ್ಧರಿಸುವುದು ಬೇಡಿಕೆಯೋ ಪೂರೈಕೆಯೋ ಎಂಬ ವಾದ ಅಂದು ನಡೆದಿತ್ತು. ಕತ್ತರಿಯ ಎರಡು ಅಲಗುಗಳೂ ಕೂಡಿ ಕಾಗದವನ್ನು ಕತ್ತರಿಸುವಂತೆ, ಇವೆರಡೂ ಕೂಡಿಯೇ ಬೆಲೆಯನ್ನು ನಿರ್ಧರಿಸುತ್ತವೆಂದು ಅವರು ವಿವರಿಸಿದರು. ಬೆಲೆ ಏರಿದರೂ ನಾವು ಕೊಳ್ಳುವ ಉಪ್ಪಿನ ಪ್ರಮಾಣ ಅಷ್ಟಾಗಿ ತಗ್ಗದು. ದ್ರಾಕ್ಷಿಯ ಬೆಲೆ ಏರಿದರೆ ಅನೇಕರು ಕೊಳ್ಳುವುದನ್ನೇ ಬಿಡುತ್ತಾರೆ. ಈ ವ್ಯತ್ಯಾಸವನ್ನು ಅಳೆಯುವ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎಂಬ ಪರಿಕಲ್ಪನೆಯನ್ನು ಖಚಿತವಾಗಿ ರೂಪಿಸಿದವರೂ ಅವರೇ.

ಇಷ್ಟು ದೊಡ್ಡ ಗಣಿತಜ್ಞರು ಬರೆದ ಈ ಗ್ರಂಥದ ಮುಖ್ಯ ಭಾಗದಲ್ಲಿ ಸಮೀಕರಣಗಳಿಲ್ಲ! ಅವರು ರೇಖಾಚಿತ್ರಗಳನ್ನು ಅಡಿಟಿಪ್ಪಣಿಗೂ ಸಮೀಕರಣಗಳನ್ನು ಅನುಬಂಧಕ್ಕೂ ಸರಿಸಿದ್ದರು. ಗಣಿತವು ವಿಚಾರವನ್ನು ಚುರುಕಾಗಿ, ತಪ್ಪಿಲ್ಲದೆ ಮಾಡಲು ನೆರವಾಗುವ ಸಂಕೇತಲಿಪಿ. ಬಂದ ಫಲವನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು, ಜೀವನದ ಉದಾಹರಣೆಗಳಿಂದ ಬೆಳಗಿಸಬೇಕು. ಅದು ಸಾಧ್ಯವಾಗದಿದ್ದರೆ ಆ ಲೆಕ್ಕದಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿಯಬೇಕು. ಇದು ಅವರ ನಿಲುವಾಗಿತ್ತು.

ಅಲ್ಲಿಯವರೆಗೆ ಕೇಂಬ್ರಿಜಿನಲ್ಲಿ ಅರ್ಥಶಾಸ್ತ್ರವು ತತ್ತ್ವಶಾಸ್ತ್ರ ಮತ್ತು ಇತಿಹಾಸಗಳ ಒಂದು ಅಂಗವಾಗಿ ಮಾತ್ರ ಬೋಧಿಸಲ್ಪಡುತ್ತಿತ್ತು. ಮಾರ್ಷಲ್ಲರು ಹಲವು ವರ್ಷ ಹೋರಾಡಿ 1903ರಲ್ಲಿ ಅದಕ್ಕೆ ಪ್ರತ್ಯೇಕ ಪದವಿ ಶಿಕ್ಷಣಕ್ರಮವನ್ನು ದೊರಕಿಸಿದರು. ಪೀಗು, ಕೇನ್ಸ್ ಮೊದಲಾದ ಮೇಧಾವಿಗಳು ಅವರ ಶಿಷ್ಯರು. ಕೇನ್ಸರೂ ಗುರುವಿನಂತೆ ಗಣಿತದ ಪದವೀಧರರೇ.

ಮಹನೀಯರಲ್ಲಿಯೂ ದೋಷಗಳಿಲ್ಲದಿಲ್ಲ. ಸ್ತ್ರೀಯರಿಗೆ ಪದವಿ ನೀಡಬೇಕೆಂಬ ಪ್ರಶ್ನೆ ಕೇಂಬ್ರಿಜಿನಲ್ಲಿ ಎದ್ದಾಗ ಮಾರ್ಷಲ್ಲರು ವಿರೋಧಿಸಿದರು. ಅವರ ಪತ್ನಿ ಮೇರಿಯವರಾದರೋ 1874ರಲ್ಲಿಯೇ ಪದವಿಯ ಪರೀಕ್ಷೆ ಬರೆದವರು, ಪತಿಯೊಡನೆ ಗ್ರಂಥ ರಚಿಸಿದವರು, ಸ್ವತಃ ಅಧ್ಯಾಪಕಿ. ಬಡವರ ನೋವನ್ನು ಕಂಡ ಕಣ್ಣು ತನ್ನ ಮನೆಯಲ್ಲಿಯೇ ಇದ್ದ ಪ್ರತಿಭೆಗೆ ಸಲ್ಲಬೇಕಾದ ನ್ಯಾಯವನ್ನು ಕಾಣದೆ ಹೋದುದು ವಿಷಾದದ ಸಂಗತಿ.

1924ರ ಜುಲೈ 13ರಂದು ಮಾರ್ಷಲ್ಲರು ಕೇಂಬ್ರಿಜಿನ ತಮ್ಮ ಮನೆಯಲ್ಲಿ ನಿಧನರಾದರು. ಅವರ ಪುಸ್ತಕಗಳನ್ನು ಒಳಗೊಂಡ ಗ್ರಂಥಾಲಯದಲ್ಲಿ ಮೇರಿಯವರು ವೃದ್ಧಾಪ್ಯದಲ್ಲಿಯೂ ವಿದ್ಯಾರ್ಥಿಗಳಿಗಾಗಿ ಶ್ರಮಿಸಿದರು.

ಗಣಿತವು ಮಾರ್ಷಲ್ಲರ ಬುದ್ಧಿಯನ್ನು ಹರಿತಗೊಳಿಸಿತು. ಗೋಡೆಯ ಮೇಲಿನ ಆ ಬಾಡಿದ ಮುಖವು ಬುದ್ಧಿಗೆ ದಾರಿ ತೋರಿತು. ಮುಂದೆ ನೀವು ಯಾವ ಶಾಸ್ತ್ರವನ್ನೇ ಅಭ್ಯಾಸಮಾಡಿದರೂ, ಅಂಕಿಗಳ ಹಿಂದಿರುವ ಮನುಷ್ಯನನ್ನು ಮರೆಯದಿರುವುದೇ ಅವರ ಬಾಳಿನಿಂದ ಕಲಿಯಬೇಕಾದ ಪಾಠ.