ಶ್ರೀ ವಾಣಿವಿಲಾಸ ಸನ್ನಿಧಾನದವರು

ಮೈಸೂರು ಅರಮನೆಯನ್ನು ಕಣ್ಣಾರೆ ಕಾಣದ ಕನ್ನಡಿಗರು ಇರಬಹುದು. ಅದರ ಹೆಸರನ್ನು ಕೇಳದವರು ಇರಲಾರರು. ಆದರೆ ಆ ಭವ್ಯ ಸೌಧದ ಹಿಂದೆ ಒಬ್ಬ ತಾಯಿಯ ದುಃಖವೂ ದೃಢಸಂಕಲ್ಪವೂ ಅಡಗಿವೆಯೆಂಬುದು ಎಷ್ಟೋ ಜನರಿಗೆ ತಿಳಿಯದು. ಆ ತಾಯಿಯೇ ಮಹಾರಾಣಿ ಕೆಂಪನಂಜಮ್ಮಣ್ಣಿಯವರು.

ಕಳಲೆಯ ಅರಸು ಮನೆತನದಲ್ಲಿ 1866ರಲ್ಲಿ ಜನಿಸಿದ ಇವರು 1878ರಲ್ಲಿ ಚಾಮರಾಜೇಂದ್ರ ಒಡೆಯರ ಕೈಹಿಡಿದರು. ಮೂರು ವರ್ಷಗಳ ತರುವಾಯ, 1881ರಲ್ಲಿ, ಐವತ್ತು ವರ್ಷ ಆಂಗ್ಲರ ಕೈಯಲ್ಲಿದ್ದ ಸಂಸ್ಥಾನ ಮತ್ತೆ ಒಡೆಯರ ವಶಕ್ಕೆ ಬಂತು. ಆದರೆ ಆ ಸೌಭಾಗ್ಯ ಬಹುಕಾಲ ನಿಲ್ಲಲಿಲ್ಲ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲುಮಾರಿಯಿಂದ ಅಲ್ಲಿಯೇ ತೀರಿಕೊಂಡರು. ಆಗ ಮಹಾರಾಣಿಯವರಿಗೆ ಇಪ್ಪತ್ತೆಂಟು ವರ್ಷ. ಹಿರಿಯ ಕುಮಾರ ಕೃಷ್ಣರಾಜರಿಗೆ ಹತ್ತು. ಮೂವರು ಕುಮಾರಿಯರು, ಇಬ್ಬರು ಕುಮಾರರು, ಮೇಲೆ ಒಂದು ಸಂಸ್ಥಾನ - ಇಷ್ಟರ ಹೊಣೆಯೂ ಅವರ ಮೇಲೆ ಬಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹಾಗೂ ಆಡಳಿತ ಸಭೆಯ ನೆರವಿನಿಂದ ಅವರು ರೀಜೆಂಟರಾಗಿ ರಾಜ್ಯಭಾರವನ್ನು ವಹಿಸಿಕೊಂಡರು.

ದುಃಖ ಆರುವ ಮುನ್ನವೇ ಎರಡನೆಯ ಆಘಾತ ಬಂದೊದಗಿತು. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂಭ್ರಮ ನಡೆಯುತ್ತಿರುವಾಗಲೇ ಅರಮನೆಗೆ ಬೆಂಕಿ ಹತ್ತಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗಿ ರಾಜ್ಯವು ಒಡೆಯರಿಗೆ ಮರಳಿದ ಮೇಲೆ, ಮುಮ್ಮಡಿ ಕೃಷ್ಣರಾಜರ ಬಾಲ್ಯದಲ್ಲಿ ಅವಸರದಿಂದ ಕಟ್ಟಿ 1803ರ ವೇಳೆಗೆ ಪೂರೈಸಿದ ಮನೆ ಅದು. ಅದರ ಬಹುಭಾಗ ಮರದ್ದು. ಚಿತ್ರ ಕೊರೆದ ಕಂಬಗಳು, ತೊಲೆಗಳು, ಮುಚ್ಚಿಗೆಗಳು ಎಲ್ಲವೂ ಉರಿಗೆ ಆಹುತಿಯಾದುವು.

ರಾಜಪರಿವಾರವು ಜಗನ್ಮೋಹನ ಅರಮನೆಯಲ್ಲಿ ನೆಲೆಸಿತು. ಹೊಸ ಅರಮನೆಯನ್ನು ಎಲ್ಲಿ, ಹೇಗೆ ಕಟ್ಟಬೇಕೆಂಬ ಪ್ರಶ್ನೆ ಎದ್ದಿತು. ಬೇರೊಂದು ಬಯಲಿನಲ್ಲಿ ವಿಲಾಯತಿ ಮಾದರಿಯ ಬಂಗಲೆಯನ್ನು ಎಬ್ಬಿಸುವುದು ಕಷ್ಟವೇನೂ ಆಗಿರಲಿಲ್ಲ. ಮಹಾರಾಣಿಯವರ ಕಾಲದಲ್ಲಿ ಆದ ನಿರ್ಧಾರ ಬೇರೆ: ಸ್ಥಳ ಹಳೆಯದೇ, ಕೋಟೆಯೊಳಗಿನ ದೇವಾಲಯಗಳ ನಡುವೆಯೇ, ಕಟ್ಟಡ ಮಾತ್ರ ಹೊಸದು. ಅದರ ನಕ್ಷೆಯ ಕಾರ್ಯವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಲಾಯಿತು. ಸಿಮ್ಲಾದ ವೈಸರಾಯರ ನಿವಾಸವನ್ನು ನಿರ್ಮಿಸಿದ್ದ ಇವನು ಮದರಾಸು ಸರ್ಕಾರದ ವಾಸ್ತುಶಿಲ್ಪಿಯಾಗಿದ್ದನು. ನಮ್ಮ ದಕ್ಷಿಣ ಕನ್ನಡವೂ ಆಗ ಅದೇ ಸರ್ಕಾರಕ್ಕೆ ಸೇರಿತ್ತು. ಕೆಲಸವನ್ನು ನಡೆಸಿದ ಎಂಜಿನಿಯರು ಬಿ. ಪಿ. ರಾಘವುಲು ನಾಯುಡು ಅವರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು.

ಈ ನಿರ್ಮಾಣದ ಸೊಗಸು ಇರುವುದು ಉಳಿಸಿದುದಕ್ಕೂ ಬದಲಿಸಿದುದಕ್ಕೂ ನಡುವಣ ವಿವೇಕದಲ್ಲಿ. ಮರ ಹೋಗಿ ಬೂದುಬಣ್ಣದ ಕಲ್ಲು ಬಂದಿತು; ಕಲ್ಯಾಣಮಂಟಪಕ್ಕೆ ಗ್ಲಾಸ್ಗೋ ನಗರದಿಂದ ಎರಕದ ಕಬ್ಬಿಣದ ಕಂಬಗಳು ಬಂದುವು. ಇನ್ನೊಮ್ಮೆ ಬೆಂಕಿ ಬಿದ್ದರೆ ಮನೆ ಸುಡಬಾರದೆಂಬುದೇ ಇದರ ಉದ್ದೇಶ. ಮೇಲೆ ಗುಮ್ಮಟಗಳು, 145 ಅಡಿ ಎತ್ತರದ ಗೋಪುರ. ಹಿಂದೂ, ಮುಸಲ್ಮಾನ, ಐರೋಪ್ಯ ಶೈಲಿಗಳ ಬೆರಕೆ. ಆದರೆ ತಳವಿನ್ಯಾಸ ಬಹುಮಟ್ಟಿಗೆ ಹಳೆಯ ಅರಮನೆಯದೇ. ಮುಖ ಹಿಂದಿನಂತೆ ಪೂರ್ವಕ್ಕೆ. ನಡುವೆ ತೆರೆದ ತೊಟ್ಟಿ. ಹಳೆಯ ಮನೆಯ ಮುಂಭಾಗದ ತೆರೆದ ಹಜಾರದಲ್ಲಿ ದಸರೆಯ ದಿನ ಅರಸರು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು. ಹೊಸತರಲ್ಲಿಯೂ ದರ್ಬಾರು ಹಜಾರ ಮುಂಭಾಗದಲ್ಲಿಯೇ ತೆರೆದುಕೊಂಡಿತು. ಅಂಬಾವಿಲಾಸವೆಂಬ ಹಳೆಯ ಹೆಸರೂ ಉಳಿಯಿತು. ಹೀಗೆ ಸುಟ್ಟುಹೋದ ಮನೆ ಹೊಸ ಮನೆಯೊಳಗೆ ನೆನಪಾಗಿ ನೆಲೆಸಿತು. 1912ರಲ್ಲಿ ಕೆಲಸ ಮುಗಿದಾಗ ಆಗಿದ್ದ ವೆಚ್ಚ 41,47,913 ರೂಪಾಯಿ.

ಇವರ ಗಮನ ಅರಮನೆಯೊಂದರಲ್ಲಿಯೇ ಇರಲಿಲ್ಲ. 1898ರಲ್ಲಿ ಪ್ಲೇಗು ಮಾರಿ ಸಂಸ್ಥಾನಕ್ಕೆ ಕಾಲಿಟ್ಟಿತು. ಅದೇ ವರ್ಷ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ತೊಡಗಿತು; ಇವರ ಹೆಸರನ್ನು ಹೊತ್ತ ವಾಣಿವಿಲಾಸ ಸಾಗರ ಅದುವೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ವರ್ಷದ ಆಗಸ್ಟಿನಲ್ಲಿ ಮಗನಿಗೆ ರಾಜ್ಯವನ್ನೊಪ್ಪಿಸಿ ಅವರು ಅಧಿಕಾರದಿಂದ ಹಿಂದೆ ಸರಿದರು. ಅರಮನೆ ಇನ್ನೂ ಪೂರ್ಣವಾಗಿರಲಿಲ್ಲವಾದ ಕಾರಣ ನಾಲ್ವಡಿಯವರ ಅಧಿಕಾರ ಸ್ವೀಕಾರ ಜಗನ್ಮೋಹನದಲ್ಲಿಯೇ ನಡೆಯಿತು. 1934ರಲ್ಲಿ ಮಹಾರಾಣಿಯವರು ದೈವಾಧೀನರಾದರು. ಮರುವರ್ಷ ಬೆಂಗಳೂರಿನಲ್ಲಿ ತೆರೆದ ಹೆರಿಗೆ ಆಸ್ಪತ್ರೆ ಅವರ ಹೆಸರನ್ನು ಧರಿಸಿತು.

ಅರಸೊತ್ತಿಗೆಯ ಕಾಲ ಹೋಯಿತು. ಆದರೂ ಈ ಬಾಳಿನಿಂದ ನಾವು ಕಲಿಯಬೇಕಾದುದಿದೆ. ನೆರಿಯದಂಥ ನಮ್ಮ ಮಲೆಯೂರುಗಳಲ್ಲಿಯೂ ಮರದ ಕಂಬದ ಹಳೆಯ ಮನೆಗಳು ಒಂದೊಂದಾಗಿ ಇಳಿಯುತ್ತಿವೆ, ಕಾಂಕ್ರೀಟಿನ ಮನೆಗಳು ಏಳುತ್ತಿವೆ. ಗೆದ್ದಲು ತಿಂದ ಮರವನ್ನು ಇಟ್ಟುಕೊಂಡೇ ಬಾಳಿರೆಂದು ಯಾರೂ ಹೇಳಲಾರರು. ಆದರೆ ಚಾವಡಿ ಇದ್ದಲ್ಲಿ ಚಾವಡಿ, ಅಂಗಳವಿದ್ದಲ್ಲಿ ಅಂಗಳ, ತುಳಸಿಕಟ್ಟೆಗೆ ಅದರ ಹಳೆಯ ಜಾಗ - ಇಷ್ಟನ್ನು ಉಳಿಸಿಕೊಳ್ಳಲು ಲಕ್ಷಗಟ್ಟಲೆ ಹಣ ಬೇಕಿಲ್ಲ. ಹಿರಿಯರು ಕುಳಿತು ಮಾತನಾಡಿದ ಸ್ಥಳವನ್ನು ಮೊಮ್ಮಕ್ಕಳೂ ಗುರುತಿಸಬಲ್ಲರಾದರೆ ಕಟ್ಟಿದ ಮನೆ ಹೊಸದಾಗಿಯೂ ನಮ್ಮದಾಗಿ ಉಳಿಯುತ್ತದೆ.