ಜಿಮಿ ಹೆಂಡ್ರಿಕ್ಸನ ನಾದಮಾರ್ಗ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಮದುವೆ, ಜಾತ್ರೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು. ಯಾವ ಪೆಟ್ಟಿಗೆ ಮೊದಲು, ಯಾವುದು ಆಮೇಲೆ ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಕಿವಿಯಿಂದಲೇ ಬಲ್ಲರು. ಒಮ್ಮೆ ನಾನು ಎಕೋ ಪೆಟ್ಟಿಗೆಯ ತಂತಿಗಳನ್ನು ಹಿಂದುಮುಂದಾಗಿ ಸಿಕ್ಕಿಸಿ ಹರಿಕಥೆಯ ದಾಸರ ಧ್ವನಿಯನ್ನೇ ಅಡಗಿಸಿದ್ದೆನು. ಅಂದು ತಿಂದ ಬೈಗಳು ಇನ್ನೂ ನೆನಪಿದೆ. ಆದುದರಿಂದಲೋ ಏನೋ, ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸನ ಜೀವನಚರಿತ್ರೆಯನ್ನು ಓದುವಾಗ ಆತನ ಕೀರ್ತಿಗಿಂತ ಆತನ ಪಾದದ ಬಳಿ ಸಾಲಾಗಿದ್ದ ಪೆಟ್ಟಿಗೆಗಳೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವು. ವಾಚಕರು ಈ ಪಕ್ಷಪಾತವನ್ನು ಮನ್ನಿಸಬೇಕು.

ಹೆಂಡ್ರಿಕ್ಸನು 1942ರ ನವೆಂಬರ್ 27ರಂದು ಸಿಯಾಟಲ್ ನಗರದ ಬಡ ಕಪ್ಪುಜನರ ಕುಟುಂಬವೊಂದರಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಗಿಟಾರ್ ಕೊಳ್ಳುವ ಶಕ್ತಿ ಎಲ್ಲಿಯದು? ಪೊರಕೆಯನ್ನೇ ಗಿಟಾರಿನಂತೆ ಹಿಡಿದು ಶಾಲೆಯಲ್ಲಿ ತಿರುಗಾಡುತ್ತಿದ್ದನು. ಅದನ್ನು ಕಂಡು ಮರುಗಿದ ಶಾಲೆಯ ಸಮಾಜಸೇವಕಿಯೊಬ್ಬರು ಹುಡುಗನಿಗೆ ಗಿಟಾರ್ ಕೊಡಿಸಬೇಕೆಂದು ಕಾಗದ ಬರೆದರು, ಫಲವಾಗಲಿಲ್ಲ. ಮುಂದೆ ಕಸದ ರಾಶಿಯಲ್ಲಿ ಒಂದೇ ತಂತಿ ಉಳಿದಿದ್ದ ಯುಕುಲೇಲಿ ಎಂಬ ಪುಟ್ಟ ವಾದ್ಯ ಸಿಕ್ಕಿತು. ಆ ಒಂಟಿ ತಂತಿಯಲ್ಲಿಯೇ ಆತನು ಕೇಳಿದ ಹಾಡುಗಳನ್ನು ಹುಡುಕಿಕೊಂಡನು. 1958ರಲ್ಲಿ ತಾಯಿ ತೀರಿಕೊಂಡಳು. ಸುಮಾರು ಅದೇ ಕಾಲಕ್ಕೆ 5 ಡಾಲರಿನ ಹಳೆಯ ಗಿಟಾರೊಂದು ಕೈಗೆ ಬಂದಿತು. ಎಡಗೈಯವನಾದುದರಿಂದ ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಬದಲಿಸಿ ಕಟ್ಟಿ ನುಡಿಸುವುದನ್ನು ರೂಢಿಸಿಕೊಂಡನು.

1961ರಲ್ಲಿ ಸೈನ್ಯಕ್ಕೆ ಸೇರಿ ಮರುವರ್ಷವೇ ಹೊರಬಂದನು. ಬಳಿಕ ಕೆಲವು ವರ್ಷ ಲಿಟಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಮೊದಲಾದವರ ಹಿಂದೆ ನಿಂತು ನುಡಿಸಿದನು. 1966ರ ಸೆಪ್ಟೆಂಬರಿನಲ್ಲಿ, ಆನಿಮಲ್ಸ್ ತಂಡದಲ್ಲಿದ್ದ ಚಾಸ್ ಚಾಂಡ್ಲರನು ಆತನನ್ನು ಲಂಡನ್ನಿಗೆ ಕರೆದೊಯ್ದನು. ಆತನ ನಾದ ಹೊಸ ರೂಪ ತಾಳಿದುದು ಅಲ್ಲಿಯೇ.

ಇಲ್ಲಿ ಪೆಟ್ಟಿಗೆಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ವಿದ್ಯುತ್ ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ಸಣ್ಣ ಸಂಕೇತವು ತಂತಿಯ ಮೂಲಕ ಆಂಪ್ಲಿಫಯರಿಗೆ ಹೋಗುವುದಷ್ಟೆ. ದಾರಿಯಲ್ಲಿ ಅದನ್ನು ಬದಲಿಸುವ ಪೆಟ್ಟಿಗೆಗಳೇ ಪೆಡಲುಗಳು. ಫಜ್ ಎಂಬುದು ಅಲೆಯ ಶಿಖರಗಳನ್ನು ಕತ್ತರಿಸಿ ನಾದವನ್ನು ಒರಟಾಗಿ, ದಟ್ಟವಾಗಿ ಮಾಡುತ್ತದೆ. ವಾ ಪೆಡಲನ್ನು ಪಾದದಿಂದ ತೂಗಿದರೆ ಸ್ವರ ಬದಲಾಗದು, ಅದರ ಬಣ್ಣ ಬದಲಾಗುವುದು. ಯಾರೋ ಬಾಯಿ ತೆರೆದು ಮುಚ್ಚಿದಂತೆ ಕೇಳುವುದು. ಯೂನಿವೈಬ್ ಎಂಬ ಜಪಾನಿ ಪೆಟ್ಟಿಗೆಯೊಳಗೆ ಮಿಣುಕುವ ಬಲ್ಬೊಂದು, ಅದರ ಸುತ್ತ ಬೆಳಕಿಗೆ ಸ್ಪಂದಿಸುವ ನಾಲ್ಕು ಕೋಶಗಳು. ಅದರಿಂದ ನಾದವು ನೀರಿನ ಮೇಲಿನ ಬಿಂಬದಂತೆ ತೂಗಾಡುತ್ತದೆ.

ಹೆಂಡ್ರಿಕ್ಸನು ಗಿಟಾರಿನ ನಂತರ ಮೊದಲು ವಾ, ಆಮೇಲೆ ಫಜ್, ಅನಂತರ ಯೂನಿವೈಬ್, ಕೊನೆಗೆ ಮಾರ್ಷಲ್ ಆಂಪ್ಲಿಫಯರು, ಹೀಗೆ ಜೋಡಿಸುತ್ತಿದ್ದನು. ವಾ ಮೊದಲಿದ್ದರೆ ಪಾದವು ಆರಿಸಿದ ನಾದಭಾಗವನ್ನೇ ಫಜ್ ಹಿಗ್ಗಿಸುತ್ತದೆ. ಅದನ್ನು ಫಜ್‌ನ ಹಿಂದೆ ಇಟ್ಟರೆ ಆಗಲೇ ದಟ್ಟವಾದ ನಾದವನ್ನು ಅದು ಕೊರೆಯುತ್ತ ಹೋಗುತ್ತದೆ. ಪರಿಣಾಮ ಇನ್ನೂ ಚೂಪು, ಆದರೆ ಬೇರೆ. ಯೂನಿವೈಬನ್ನು ಫಜ್‌ಗೆ ಮೊದಲಿಟ್ಟರೆ ತೂಗಾಟದ ಏರಿಳಿತವನ್ನು ಫಜ್ ಬಹುಮಟ್ಟಿಗೆ ಸವರಿಬಿಡುತ್ತದೆ. ಹೀಗೆಂದು ಆತನ ಜೋಡಣೆ ನಿರ್ದೋಷವೆನ್ನಲಾರೆ. ಫಜ್ ಪೆಟ್ಟಿಗೆಯು ಗಿಟಾರಿಗೆ ನೇರವಾಗಿ ಸೇರಿದಾಗಲೇ ಚೆನ್ನಾಗಿ ದುಡಿಯುವಂಥದು. ಮುಂದಿರುವ ವಾ ಮೇಲೆ ಭಾರ ಹೇರಿ ಅದರ ಓಟವನ್ನು ಕುಗ್ಗಿಸುತ್ತದೆ, ಕೆಲವೊಮ್ಮೆ ಕಿರುಚಿಸುತ್ತದೆ. ಆ ಜಗಳವನ್ನೂ ಆತನು ಸಂಗೀತವಾಗಿಸಿಕೊಂಡನು. ಬ್ರಿಟಿಷ್ ನೌಕಾಇಲಾಖೆಯಲ್ಲಿ ಕಂಪನಗಳ ಸಂಶೋಧನೆ ನಡೆಸಿದ್ದ ರಾಜರ್ ಮೇಯರನು ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಆಕ್ಟೇವಿಯಾವನ್ನು ಕೊಟ್ಟಾಗ 1967ರ ‘ಪರ್ಪಲ್ ಹೇಜ್’ನಲ್ಲಿ ಅದನ್ನೂ ಬಳಸಿದನು.

ಅದೇ ವರ್ಷ ಮಾಂಟೆರಿಯ ಉತ್ಸವದಲ್ಲಿ ಆತನು ಗಿಟಾರಿಗೆ ಬೆಂಕಿಯಿಟ್ಟ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಒಂದು ಕಾಲಕ್ಕೆ ಪೊರಕೆ ಹಿಡಿದು ತಿರುಗಿದವನು ಗಿಟಾರನ್ನು ಸುಟ್ಟುದು ನನಗೇಕೋ ಹಿಡಿಸದು. ನನ್ನ ಮಟ್ಟಿಗೆ ದೊಡ್ಡದೆಂದರೆ ವುಡ್‌ಸ್ಟಾಕ್. 1969ರ ಆಗಸ್ಟ್ 18, ಸೋಮವಾರ ಬೆಳಿಗ್ಗೆ. ಬಂದ ಲಕ್ಷಾಂತರ ಜನರಲ್ಲಿ ಬಹುಪಾಲು ಮನೆಗೆ ಹೊರಟುಹೋಗಿದ್ದರು. ವಿಯಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಉಳಿದವರೆದುರು ಆತನು ತನ್ನ ದೇಶದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದನು. ನಡುನಡುವೆ ಸ್ವರವು ಮುರಿದು ಬಾಂಬುಗಳು ಬೀಳುವಂತೆ, ಜನರು ಚೀರುವಂತೆ ಕೇಳಿಸಿತು. ಈ ಮುದ್ರಿಕೆಯನ್ನು ನಾನು ಮನೆಯಲ್ಲಿ ಹಾಕಿದಾಗ ತಂದೆಯವರು ಕೆಲಸ ಬಿಟ್ಟು ಬಂದು ನಿಂತರು. ಮೈಕು ಕೂಗುವುದನ್ನು ನಿಲ್ಲಿಸುವುದರಲ್ಲಿಯೇ ಆಯುಷ್ಯ ಕಳೆದ ಅವರಿಗೆ, ಬೇಕೆಂದೇ ಕೂಗಿಸಿ ಅದನ್ನು ಹಿಡಿತದಲ್ಲಿಡುವವನೊಬ್ಬನಿದ್ದನೆಂಬುದು ಸೋಜಿಗವಾಯಿತು. ಮುಗಿದ ಮೇಲೆ ಅವರು ಕೇಳಿದುದು ಒಂದೇ: ಯಾವ ಪೆಟ್ಟಿಗೆ ಮೊದಲು ಎಂದು.

1970ರ ಆಗಸ್ಟ್ 26ರಂದು ನ್ಯೂಯಾರ್ಕಿನಲ್ಲಿ ಆತನ ಸ್ವಂತ ಧ್ವನಿಮುದ್ರಣಾಲಯ ‘ಎಲೆಕ್ಟ್ರಿಕ್ ಲೇಡಿ’ಯ ಪ್ರಾರಂಭೋತ್ಸವ ನಡೆಯಿತು. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಹೆಂಡ್ರಿಕ್ಸನು ತೀರಿಕೊಂಡನು. ವಯಸ್ಸು 27. ಸಿಯಾಟಲ್ ಸಮೀಪದ ರೆಂಟನ್ನಿನಲ್ಲಿ ಆತನನ್ನು ಮಣ್ಣು ಮಾಡಿದರು.