ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರ ಸ್ವರಮಾರ್ಗ

ಶಿವಶರಣರ ವಚನಗಳನ್ನು ಪಾರಾಯಣ ಮಾಡುವುದು ನಮ್ಮ ನಾಡಿನ ಮಠಮಾನ್ಯಗಳಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯವು. ಅವನ್ನು ರಾಗತಾಳಸಮೇತವಾಗಿ ದೊಡ್ಡ ಗಾಯನಸಭೆಗಳಲ್ಲಿ ಹಾಡುವುದು ಮಾತ್ರ ಅಷ್ಟು ಹಳೆಯದಲ್ಲ. ಶರಣರಲ್ಲಿಯೇ ಕೆಲವರು ಹಾಡಿಕೆಗೆಂದೇ ಸ್ವರವಚನಗಳನ್ನು ರಚಿಸಿದ್ದರು. ನಿಜಗುಣ ಶಿವಯೋಗಿಗಳವರ ಕೈವಲ್ಯಪದ್ಧತಿಯ ಹಾಡುಗಳು ಭಕ್ತರ ಬಾಯಲ್ಲಿ ನೆಲೆಗೊಂಡಿದ್ದುವು. ಆದರೆ ಪಾದನಿಯಮವಿಲ್ಲದ, ಮಾತ್ರೆಗಳ ಲೆಕ್ಕಕ್ಕೆ ಒಳಗಾಗದ, ಒಂದು ಸಾಲು ಗೇಣುದ್ದವಾದರೆ ಮತ್ತೊಂದು ಮಾರುದ್ದವಾಗಿರುವ ವಚನವನ್ನು ತಾಳದ ಆವರ್ತನೆಯಲ್ಲಿ ಕೂಡಿಸುವ ಬಗೆ ಹೇಗೆಂಬುದು ಗಾಯಕರಿಗೆ ಕಠಿಣವಾದ ಸಮಸ್ಯೆಯಾಗಿದ್ದಿತು. ಈ ಸಮಸ್ಯೆಗೆ ತಮ್ಮದೇ ಆದೊಂದು ಮಾರ್ಗವನ್ನು ಕಂಡುಕೊಂಡು ಶಿಷ್ಯಕೋಟಿಗೆ ಕಲಿಸಿಕೊಟ್ಟ ಮಹನೀಯರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಶ್ರೀ ಪಂಚಾಕ್ಷರ ಗವಾಯಿಗಳವರು ಅಗ್ರಗಣ್ಯರು.

ಗವಾಯಿಗಳವರು ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜಂಗಮ ಮನೆತನದಲ್ಲಿ 1892ನೆಯ ಫೆಬ್ರವರಿ 2ರಂದು ಜನಿಸಿದರು. ಮೊದಲ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನೂ ಇವರೂ ಇಬ್ಬರೂ ಅಂಧರು. ಬಡಹಳ್ಳಿಯ ಮನೆಯೊಂದರಲ್ಲಿ ಎರಡು ಕುರುಡು ಕೂಸುಗಳೆಂದರೆ ಆ ಕಾಲದಲ್ಲಿ ಅವುಗಳ ಮುಂದಿನ ಬಾಳು ಏನಾಗುತ್ತಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಬ್ಬರ ಕಂಠವೂ ಇಂಪಾಗಿದ್ದಿತು, ಒಮ್ಮೆ ಕೇಳಿದುದನ್ನು ಮರೆಯದ ಧಾರಣಶಕ್ತಿಯೂ ಇದ್ದಿತು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಶಿವಯೋಗಿಗಳವರು ಈ ಬಾಲಕರನ್ನು ಕೃಪಾದೃಷ್ಟಿಯಿಂದ ನೋಡಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹಾಪುರುಷರು ಸಮಾಜೋದ್ಧಾರದ ನೂರು ಕಾರ್ಯಗಳ ನಡುವೆ ಒಬ್ಬ ಅಂಧಬಾಲಕನ ಸಂಗೀತಶಿಕ್ಷಣವನ್ನು ಅಲ್ಪವೆಂದು ಎಣಿಸಲಿಲ್ಲ. ಅಣ್ಣನು ಚಿಕ್ಕ ವಯಸ್ಸಿನಲ್ಲಿಯೇ ಶಿವಾಧೀನನಾದನು. ಗದಿಗೆಯ್ಯನು ಪಂಚಾಕ್ಷರಿಯಾಗಿ ಬೆಳೆದನು.

ಅವರ ಶಿಕ್ಷಣವು ನಡೆದ ಕ್ರಮವು ವಿಶೇಷವಾದುದು. ಮೊದಲು ದಕ್ಷಿಣಾದಿ ಸಂಗೀತದಲ್ಲಿ ಪಾಠವಾಯಿತು. ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಉತ್ತರಾದಿ ಸಂಗೀತದ ಅಭ್ಯಾಸವಾಯಿತು. ನೀಲಕಂಠಬುವಾ ಅವರು ಗ್ವಾಲಿಯರ ಘರಾಣೆಯನ್ನು ಮಹಾರಾಷ್ಟ್ರಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಮಲ್ಲಿಕಾರ್ಜುನ ಮನಸೂರ ಅವರಿಗೂ ಗುರುಗಳು. ಆ ದಿನಗಳಲ್ಲಿ ಒಂದು ಪದ್ಧತಿಯನ್ನು ಹಿಡಿದವನು ಇನ್ನೊಂದನ್ನು ಹಳಿಯುವುದೇ ರೂಢಿ. ಗವಾಯಿಗಳವರಾದರೋ ಎರಡನ್ನೂ ಸಮಾನ ಶ್ರದ್ಧೆಯಿಂದ ಸಾಧಿಸಿ ಉಭಯ ಗಾನವಿಶಾರದರೆನಿಸಿದರು. ಕಣ್ಣಿಲ್ಲದವರಿಗೆ ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ. ಕಲಿತುದೆಲ್ಲವೂ ಕಿವಿಯಿಂದ ಹೃದಯಕ್ಕೆ, ಹೃದಯದಿಂದ ಕಂಠಕ್ಕೆ ಬರಬೇಕು. ಎರಡು ಪದ್ಧತಿಗಳನ್ನು ಹೀಗೆ ಒಂದೇ ಸ್ಮರಣೆಯಲ್ಲಿ ಕಲಸದಂತೆ ಇಟ್ಟುಕೊಳ್ಳುವುದು ಸಾಮಾನ್ಯ ತಪಸ್ಸಲ್ಲ. ಕಂಠಸಂಗೀತದೊಡನೆ ತಬಲಾವಾದನದಲ್ಲಿಯೂ ಅವರು ಪರಿಣತರಾದರು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ತಾಳವು ಬೆರಳ ತುದಿಯಲ್ಲಿರುವವರಿಗಲ್ಲದೆ ವಚನದ ಏರುಪೇರಾದ ಸಾಲುಗಳು ವಶವಾಗುವುದಿಲ್ಲ.

1914ರಲ್ಲಿ ಗುರುಗಳ ಆಶೀರ್ವಾದದಿಂದ ಅವರು ಸಂಗೀತ ಪಾಠಶಾಲೆಯನ್ನು ನಡೆಸತೊಡಗಿದರು. ಅಂಧರು, ಅಂಗವಿಕಲರು, ದಿಕ್ಕಿಲ್ಲದ ಬಡಮಕ್ಕಳು ಇವರೇ ಅದರ ವಿದ್ಯಾರ್ಥಿಗಳು. ಜಾತಿಯನ್ನಾಗಲಿ ಶುಲ್ಕವನ್ನಾಗಲಿ ಅಲ್ಲಿ ಕೇಳುವಂತಿರಲಿಲ್ಲ. ಶಾಲೆಗೆ ಬಹುಕಾಲ ಸ್ವಂತ ಮನೆಯಿರಲಿಲ್ಲ. ಗುರುಶಿಷ್ಯರು ಊರಿಂದೂರಿಗೆ ಸಂಚರಿಸುತ್ತ, ಭಕ್ತರು ನೀಡಿದ ಪ್ರಸಾದದಿಂದ ದಿನಗಳನ್ನು ಕಳೆಯುತ್ತ ಪಾಠವನ್ನು ನಡೆಸಿದರು. ಅನೇಕ ಬಾಯಿಗಳಿಗೆ ಅನ್ನ ಒದಗಬೇಕಾಗಿದ್ದುದರಿಂದ ನಾಟಕಮಂಡಳಿಯನ್ನೂ ಕಟ್ಟಬೇಕಾಯಿತು. ಮಠದ ಆಶ್ರಯದಲ್ಲಿ ಬೆಳೆದ ಜಂಗಮರು ನಾಟಕದ ಹಾದಿಯನ್ನು ಹಿಡಿಯುವುದನ್ನು ಒಪ್ಪದ ಜನರೂ ಆ ಕಾಲದಲ್ಲಿ ಇಲ್ಲದಿರಲಿಲ್ಲ. ಹಸಿದ ಮಕ್ಕಳ ಮುಂದೆ ಅಂತಹ ಆಕ್ಷೇಪಣೆಗೆ ಬೆಲೆಯೇನು?

ರಂಗಭೂಮಿಯ ಸಂಬಂಧವು ಅವರ ಸ್ವರಮಾರ್ಗಕ್ಕೆ ಒಂದು ಕಡೆ ಸಹಾಯವನ್ನೂ ಮತ್ತೊಂದು ಕಡೆ ಅಪಾಯವನ್ನೂ ತಂದಿತೆನ್ನಬೇಕು. ಅಂದಿನ ನಾಟಕಗಳ ಪದರಚನೆಯಲ್ಲಿ ಮಟ್ಟು ಮೊದಲು, ಮಾತು ಅನಂತರ. ಜನರು ಮೆಚ್ಚಿದ ಮರಾಠಿಯ ಅಥವಾ ಹಿಂದಿಯ ಧಾಟಿಯೊಂದನ್ನು ಆರಿಸಿ, ಅದರ ಅಳತೆಗೆ ಕನ್ನಡದ ಶಬ್ದಗಳನ್ನು ಕತ್ತರಿಸಿ ತುಂಬುವುದು ಕವಿಗಳ ಕೆಲಸವಾಗಿದ್ದಿತು. ಹ್ರಸ್ವವು ದೀರ್ಘವಾಗುತ್ತಿದ್ದಿತು, ದೀರ್ಘವು ಹ್ರಸ್ವವಾಗುತ್ತಿದ್ದಿತು; ಕೇಳುವವರು ತಲೆದೂಗುತ್ತಿದ್ದರೇ ಹೊರತು ಅರ್ಥವನ್ನು ವಿಚಾರಿಸುತ್ತಿರಲಿಲ್ಲ. ನಾಟಕದ ಪದಕ್ಕೆ ಇದು ಸಲ್ಲಬಹುದು. ವಚನಕ್ಕೆ ಸಲ್ಲದು. ಶರಣರ ಮಾತು ಅನುಭಾವದ ಮಾತು. ಅದರಲ್ಲಿ ಒಂದಕ್ಷರವನ್ನು ಸೇರಿಸುವ, ಒಂದಕ್ಷರವನ್ನು ತೆಗೆಯುವ ಅಧಿಕಾರ ಗಾಯಕನಿಗಿಲ್ಲ. ಇಲ್ಲಿ ಮಾತು ಮೊದಲು, ಮಟ್ಟು ಅನಂತರ. ಬರಿಯ ಮಟ್ಟನ್ನೇ ಬಿಟ್ಟು ರಾಗದಲ್ಲಿ ಓದಿಕೊಂಡು ಹೋಗೋಣವೆಂದರೆ ಅದು ಪಾರಾಯಣವಾದೀತು, ಗಾನವಾಗದು. ಹಿಂದಿಯ ಚೀಜುಗಳನ್ನೂ ಮರಾಠಿಯ ನಾಟ್ಯಪದಗಳನ್ನೂ ಕೇಳಿ ಪಳಗಿದ ಸಭೆಯು ಅದನ್ನು ಗಾಯನವೆಂದು ಒಪ್ಪದು.

ಗವಾಯಿಗಳವರ ಶಿಷ್ಯಪರಂಪರೆಯಲ್ಲಿ ಬೆಳೆದುಬಂದ ವಚನಗಾಯನವನ್ನು ಲಕ್ಷ್ಯವಿಟ್ಟು ಕೇಳಿದರೆ ಈ ಇಕ್ಕಟ್ಟಿನಿಂದ ಪಾರಾಗುವ ಹಾದಿಯು ತಿಳಿದುಬರುವುದು. ವಚನದ ಮೊದಲ ಮಾತನ್ನು ಸ್ಥಾಯಿಯನ್ನಾಗಿ ಹಿಡಿದು, ಅದರ ಮುಖ್ಯ ಶಬ್ದವು ತಾಳದ ಸಮದ ಮೇಲೆ ಬೀಳುವಂತೆ ಕೂಡಿಸುವುದು. ನಡುವಣ ಸಾಲುಗಳನ್ನು ಅಂತರೆಯ ರೀತಿಯಿಂದ ಮೇಲಣ ಸ್ವರಗಳಿಗೆ ಏರಿಸುವುದು. ಸಾಲು ಚಿಕ್ಕದಾದಲ್ಲಿ ಶಬ್ದವನ್ನು ಎಳೆಯದೆ ಸ್ವರವಿಸ್ತಾರದಿಂದ ಆವರ್ತನೆಯನ್ನು ತುಂಬುವುದು. ಸಾಲು ದೊಡ್ಡದಾದಲ್ಲಿ ಎರಡು ಆವರ್ತನೆಗಳಿಗೆ ಹಂಚಿ, ಉಸಿರು ಅರ್ಥವು ಮುರಿಯುವಲ್ಲಿಯೇ ನಿಲ್ಲುವಂತೆ ನೋಡಿಕೊಳ್ಳುವುದು. ಅಂಕಿತವನ್ನು ಶಾಂತವಾಗಿ ಉಚ್ಚರಿಸಿ ಮರಳಿ ಮೊದಲ ಮಾತಿಗೆ ಬಂದು ಸೇರುವುದು. ಆಲಾಪದ ಬೆಳವಣಿಗೆಯು ಉತ್ತರಾದಿಯದು. ಒಂದೇ ಮಾತನ್ನು ಮರಳಿ ಮರಳಿ ನುಡಿದು, ಪ್ರತಿಸಲವೂ ಅರ್ಥದ ಹೊಸ ಮುಖವನ್ನು ತೋರುವ ಸಂಗತಿಗಳ ನಡೆಯಾದರೋ ದಕ್ಷಿಣಾದಿಗೆ ಸಹಜವಾದುದು. ಎರಡನ್ನೂ ಬಲ್ಲವರಿಗೆ ಮಾತ್ರ ಇಂತಹ ಕೂಡುವಿಕೆಯು ಸಾಧ್ಯವು. ವಚನದ ಅಂಕಿತವು ಎಲ್ಲಿ ಬಂದರೂ ಅಲ್ಲಿ ತಾನಬಾಜಿಯು ತಗ್ಗಬೇಕೆಂಬ ಮರ್ಯಾದೆಯನ್ನು ಇಂದಿನ ಕೆಲವು ಗಾಯಕರು ಮರೆತಿರುವುದು ವಿಷಾದಕರವು.

ಈ ಮಾರ್ಗವು ಲೋಕಕ್ಕೆ ಪ್ರಕಟವಾದುದು 1936ರಲ್ಲಿ. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿತು. ನಾಟಕಮಂಡಳಿಯಲ್ಲಿ ಹಾಡಿಕೊಂಡಿದ್ದ ಯಲಿವಾಳದ ಬಸವರಾಜ ರಾಜಗುರು ಎಂಬ ಬಾಲಕನನ್ನು ಗವಾಯಿಗಳವರು ಕೆಲವು ವರ್ಷಗಳ ಹಿಂದೆಯೇ ತಮ್ಮ ಶಿಷ್ಯವರ್ಗಕ್ಕೆ ಸೇರಿಸಿಕೊಂಡಿದ್ದರು. ಹಂಪೆಯ ಆ ಮಹಾಸಭೆಯಲ್ಲಿ ಗುರುಗಳು ತಾವು ಹಾಡಲಿಲ್ಲ. ತಬಲಾವನ್ನು ಮುಂದಿಟ್ಟುಕೊಂಡು ಕುಳಿತು ಶಿಷ್ಯನಿಂದ ಬಸವಣ್ಣನವರ ವಚನಗಳನ್ನು ಹಾಡಿಸಿದರು. ಗುರುವು ಪಕ್ಕವಾದ್ಯಕ್ಕೆ ಕುಳಿತು ಶಿಷ್ಯನನ್ನು ಮುಂದೆ ಕೂಡಿಸುವುದು ಗಾಯಕರ ಲೋಕದಲ್ಲಿ ಅಪರೂಪ. ಸಭೆಯು ಮುಗ್ಧವಾಯಿತು. ವಚನವು ಶಾಸ್ತ್ರೀಯ ಸಂಗೀತದ ಸಭೆಗೆ ಯೋಗ್ಯವಾದ ವಸ್ತುವೆಂಬುದು ಅಂದು ಸಾವಿರಾರು ಕಿವಿಗಳಿಗೆ ಮನವರಿಕೆಯಾಯಿತು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ ವಚನಗಳನ್ನು ಓದುವ ಕಣ್ಣುಗಳಿಗೆ ಒದಗಿಸಿದ್ದರು. ಅವನ್ನು ಕೇಳುವ ಕಿವಿಗಳಿಗೆ ಒದಗಿಸಿದವರು ಕಣ್ಣಿಲ್ಲದ ಈ ಗವಾಯಿಗಳವರು.

ಗುರುಗಳಾದ ಕುಮಾರ ಶಿವಯೋಗಿಗಳವರು ಇದನ್ನು ನೋಡಲು ಇರಲಿಲ್ಲ. ಅವರು 1930ರಲ್ಲಿಯೇ ಲಿಂಗೈಕ್ಯರಾಗಿದ್ದರು. ಗುರುವಿನ ಅಪ್ಪಣೆಯೇ ತಮ್ಮ ಬಾಳೆಂದು ನಂಬಿ ಬ್ರಹ್ಮಚರ್ಯದಿಂದ ಬದುಕಿದ ಗವಾಯಿಗಳವರಿಗೆ ಮನೆಯಿಲ್ಲ, ಆಸ್ತಿಯಿಲ್ಲ; ಸಂಚರಿಸಿ ದಣಿದ ಪಾಠಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆಯು ದೊರೆತುದೊಂದೇ ಅವರು ಕಂಡ ಲೌಕಿಕ ಭಾಗ್ಯವು. 1944ನೆಯ ಜೂನ್ 11ರಂದು ಅವರು ಲಿಂಗೈಕ್ಯರಾದರು. ಪುಣ್ಯಾಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳವರ ಮೇಲೆ ಬಿದ್ದಿತು. ಅವರೂ ಶೈಶವದಲ್ಲಿ ಕಣ್ಣು ಕಳೆದುಕೊಂಡವರು, 1914ರಲ್ಲಿ, ಪಾಠಶಾಲೆಯು ಆರಂಭವಾದ ವರ್ಷವೇ ಜನಿಸಿದವರು. ಗುರುಗಳು ಕಲಿಸಿದುದನ್ನು ಅದೇ ರೀತಿಯಿಂದ, ಬಾಯಿಂದ ಕಿವಿಗೆ, 2010ರ ವರೆಗೆ ಅವರು ಅಲ್ಲಿಯೇ ಕುಳಿತು ಕಲಿಸಿದರು.